ಟಗರು ಹೊರಗೆ ಹೋದ ದಿನ

ಚಳಿ ಕಳೆದು, ಬಿಸಿಲು ಬೆನ್ನಿಗೆ ಹಿತವಾಗುವ ದಿನಗಳು. ಶಿಕ್ಷೆಯಾದ ಹುಡುಗರ ಸುಧಾರಣಾಲಯದ ಹಿತ್ತಲಲ್ಲಿ ಬೆಳಗಿನಿಂದಲೇ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಒಬ್ಬ ಹುಡುಗ ಕುರಿಯ ತಲೆ ಹಿಡಿಯಬೇಕು, ಇನ್ನೊಬ್ಬ ಹಿಂಗಾಲು. ಕತ್ತರಿ ಮಾತ್ರ ತಾತನ ಕೈಯಲ್ಲೇ. ವರ್ಷಕ್ಕೊಮ್ಮೆ ಹೊರಗಿನಿಂದ ಬರುವ ಈ ತಾತನಿಗೆ ಯಾವ ಹುಡುಗ ಏನು ಮಾಡಿ ಒಳಗೆ ಬಂದಿದ್ದಾನೆ ಎಂಬುದು ಬೇಕಿರಲಿಲ್ಲ. ಕಾಲು ಗಟ್ಟಿಯಾಗಿ ಹಿಡಿದವನು ಒಳ್ಳೆಯವನು, ಸಡಿಲ ಬಿಟ್ಟವನು ಕೆಟ್ಟವನು, ಅಷ್ಟೇ.

ಅಂದು ಎಲ್ಲರಿಗಿಂತ ಒಳ್ಳೆಯವನು ಕಡ್ಡಿ. ಅಂಗಡಿಗಳ ಬೀಗ ತೆಗೆದು ಸಿಕ್ಕಿಬಿದ್ದ ಹದಿನೇಳರ ಹುಡುಗ. ಮರುದಿನ ಬೆಳಗ್ಗೆ ಅವನಿಗೆ ರಜೆ. ಒಳಗೆ ಬಂದ ಮೇಲೆ ಮೊದಲನೆಯದು. ಊರಿನಲ್ಲಿ ಅಕ್ಕನಿಗೆ ಮಗುವಾಗಿತ್ತು, ಸೋದರಮಾವ ಇನ್ನೂ ಅದರ ಮುಖ ನೋಡಿರಲಿಲ್ಲ. ಸಂಜೆಯೊಳಗೆ ಒಂದು ತಪ್ಪು ನಡೆದರೂ ರಜೆ ಹೋದಂತೆ. ಹಾಗಾಗಿ ಅವನು ಕೆಮ್ಮುವುದಕ್ಕೂ ಅಪ್ಪಣೆ ಕೇಳುತ್ತಿದ್ದ.

"ಮಾವ ಆಗಿದ್ದಕ್ಕೇ ಇಷ್ಟು ಗಂಭೀರ. ಅಪ್ಪ ಆದ್ರೆ ಇವ್ನು ಮಾತೇ ಆಡಲ್ಲ ಕಣ್ರೋ," ಎಂದು ಉಳಿದ ಹುಡುಗರು ರೇಗಿಸುತ್ತಿದ್ದರು.

ಟಗರಿನ ಒಂದು ಮಗ್ಗುಲು ಬೋಳಾಗುವ ಹೊತ್ತಿಗೆ, ಮೇವು ಇಳಿಸಿದ ಗಾಡಿ ಹೊರಡಲೆಂದು ಹಿಂದಿನ ಗೇಟು ತೆರೆಯಿತು. ಟಗರು ಒಮ್ಮೆ ಕೊಸರಿತು. ತಲೆ ಹಿಡಿದಿದ್ದವನನ್ನು ಉಣ್ಣೆಯ ರಾಶಿಗೆ ಕೆಡವಿ, ಗಾಡಿಯ ಬೆನ್ನಿಗೇ ಬೀದಿಗೆ ನುಗ್ಗಿತು. ಹಿಂಗಾಲು ಬಿಡಬಾರದೆಂದು ತಾತ ಹೇಳಿದ್ದರಿಂದ ಕಡ್ಡಿ ಬಿಡಲಿಲ್ಲ. ಅವನೂ ಹೋದ. ಅವನ ಹಿಂದೆ ಕಾವಲಿನ ಮೀಸೆ ಸಾರ್ ಓಡಿದರು. ಗೇಟು ತಾನಾಗಿ ಮುಚ್ಚಿ ಬೀಗ ಬಿತ್ತು.

ಟಗರು ಓಡುತ್ತಿದ್ದರೆ ಬೀದಿಯ ಎಡಗಡೆಯವರು ಒಂದು ಪ್ರಾಣಿ ನೋಡಿದರು, ಬಲಗಡೆಯವರು ಇನ್ನೊಂದು. ಕೊನೆಗೆ ಅದು ಕಟಿಂಗ್ ಶಾಪಿಗೆ ನುಗ್ಗಿ, ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಂಡು ಬೆರಗಾಗಿ ನಿಂತುಬಿಟ್ಟಿತು.

"ಉಳಿದಿದ್ದನ್ನ ನಾನು ತೆಗೀಲಾ?" ಎಂದ ಅಂಗಡಿಯವನು.

ಕಡ್ಡಿಯೂ ಮೀಸೆ ಸಾರೂ ಅದರ ಕೊಂಬು ಹಿಡಿದು ಎಳೆದುಕೊಂಡು ಗೇಟಿನ ಮುಂದೆ ಬಂದಾಗ ಸಾರ್ ಮೈಯೆಲ್ಲ ತಡಕಿಕೊಂಡರು. ಬೀಗದ ಕೈ ಕೋಟಿನಲ್ಲಿ, ಕೋಟು ಒಳಗೆ ಗೂಟದ ಮೇಲೆ.

"ಮುಂದಿನ ಗೇಟಿಗೆ ಹೋಗೋಣ ಸಾರ್," ಎಂದ ಕಡ್ಡಿ.

"ಹೋದ್ರೆ ನೀನು ಅಪ್ಪಣೆ ಇಲ್ದೆ ಹೊರಗೆ ಬಂದೆ ಅಂತ ಆಗತ್ತೆ. ನಿನ್ನ ರಜೆ ಹೋಗತ್ತೆ, ನನ್ನ ಕೆಲಸಾನೂ ಹೋಗತ್ತೆ. ಕೂಗೋ ಹಾಗೂ ಇಲ್ಲ, ಮೇಡಂ ಕಿಟಕಿ ಈ ಕಡೆನೇ ಇದೆ. ನೀನೇ ತೆಗಿಯೋ ಮಾರಾಯ."

"ಬೀಗ ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ ಸಾರ್."

"ಒಳಗಿಂದ ಹೊರಗೆ ಹೋಗೋಕೆ ತಾನೆ? ಇದು ಹೊರಗಿಂದ ಒಳಗೆ."

ಪಕ್ಕದ ಲಾಂಡ್ರಿಯ ಹೆಂಗಸು ಒದ್ದೆ ಬಟ್ಟೆ ಹಿಡಿದುಕೊಂಡೇ ಕೇಳಿದಳು, "ಏನಪ್ಪಾ, ಒಳಗೆ ಹೋಗ್ಬೇಕಾ?"

"ಹೂಂ ಅಕ್ಕ."

"ಇಷ್ಟು ವರ್ಷದಲ್ಲಿ ಇದನ್ನ ಕೇಳಿದವನು ನೀನೊಬ್ನೇ."

ಕಡ್ಡಿ ಒಂದು ಗಳಿಗೆ ಯೋಚಿಸಿದ. ಆಮೇಲೆ ಕೈ ಚಾಚಿದ. "ಬೆಲ್ಟ್ ಕೊಡಿ ಸಾರ್."

ಮೀಸೆ ಸಾರ್ ಒಂದು ಕೈಯಲ್ಲಿ ಟಗರನ್ನೂ ಇನ್ನೊಂದು ಕೈಯಲ್ಲಿ ಪ್ಯಾಂಟನ್ನೂ ಹಿಡಿದು ನಿಂತರು. ಬಕಲಿನ ಮುಳ್ಳು ಬೀಗದೊಳಗೆ ಎರಡು ಸಲ ಆಡಿತಷ್ಟೆ, ಗೇಟು ತೆರೆಯಿತು.

ಒಳಗೆ ಮೇಡಂ ನೆಲದ ಮೇಲೆ ಕೂತು ಕುರಿಯೊಂದರ ಹಿಂಗಾಲು ಹಿಡಿದಿದ್ದರು. ಇಡೀ ಸುಧಾರಣಾಲಯಕ್ಕೆ ಮೇಲಧಿಕಾರಿ. ಸುಮ್ಮನೆ ಕೆಲಸ ನೋಡಲೆಂದು ಇಳಿದು ಬಂದವರಿಗೆ ತಾತ ತಲೆ ಎತ್ತದೆ, "ಬಾ ಮಗಾ, ಕಾಲು ಹಿಡಿ," ಎಂದಿದ್ದ. ಹಿಡಿದಿದ್ದರು.

"ಗೇಟು ಯಾರು ತೆಗೆದಿದ್ದು?" ಎಂದರು, ಕಾಲು ಬಿಡದೆ.

"ನಾನೇ ಮೇಡಂ," ಎಂದರು ಮೀಸೆ ಸಾರ್. "ಬೆಲ್ಟಲ್ಲಿ."

"ಹೌದಾ? ಮುಚ್ಚಿ ಇನ್ನೊಂದು ಸಲ ತೆಗೀರಿ. ನಾವೂ ನೋಡೋಣ."

ಮೀಸೆ ಸಾರ್ ಮಂಡಿಯೂರಿ ಬೀಗವನ್ನು ತಿವಿಯತೊಡಗಿದರು. ಕಡ್ಡಿ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ರಜೆ ಉಳಿಯುತ್ತಿತ್ತು. ಅವನು ಆಕಾಶ ನೋಡಿದ, ಟಗರು ನೋಡಿದ, ತುಟಿ ಕಚ್ಚಿದ. ಆದರೆ ಒಂದು ಬೀಗವನ್ನು ಯಾರಾದರೂ ಹಾಗೆ ಹಿಂಸೆ ಮಾಡುವುದನ್ನು ಅವನ ಜೀವ ತಡೆದುಕೊಳ್ಳಲಿಲ್ಲ.

"ಹಾಗಲ್ಲ ಸಾರ್, ಸ್ವಲ್ಪ ಎಡಕ್ಕೆ. ಮೆತ್ತಗೆ. ಪಾಪ, ಅದೇನು ಮಾಡಿತ್ತು ನಿಮಗೆ?"

ಮೀಸೆ ಸಾರ್ ಹತಾಶರಾಗಿ ಎದ್ದು ಎರಡೂ ಕೈ ಮೇಲೆತ್ತಿದರು. ಎತ್ತಬಾರದಿತ್ತು. ಪ್ಯಾಂಟು ಮಂಡಿಗಿಳಿಯಿತು. ಮೊದಲು ಉಣ್ಣೆಯ ರಾಶಿಯೊಳಗಿಂದ ಒಂದು ಕಿಸಕ್, ಆಮೇಲೆ ಇಡೀ ಹಿತ್ತಲೇ ಹೊಟ್ಟೆ ಹಿಡಿದುಕೊಂಡು ಉರುಳಿತು. ಮೇಡಂ ಮೈ ಕುಲುಕಿದ ರಭಸಕ್ಕೆ ಕುರಿ ತಪ್ಪಿಸಿಕೊಂಡಿತು.

"ಹಿಡಿ ಅಂದ್ರೆ ಬಿಟ್ಟುಬಿಟ್ಯಲ್ಲ ಮಗಾ," ಎಂದು ತಾತ ಅವರನ್ನು ಗದರಿದ.

ನಗು ಇಳಿದ ಮೇಲೆ ಮೇಡಂ ಕಣ್ಣೊರೆಸಿಕೊಂಡು ಕಡ್ಡಿಯನ್ನು ಕರೆದರು. "ಎಷ್ಟು ಹೊತ್ತು ಹೊರಗಿದ್ದೆ?"

"ಟಗರು ಎಷ್ಟು ಹೊತ್ತು ಇತ್ತೋ ಅಷ್ಟು ಮೇಡಂ."

"ಆ ಹೊತ್ತು ನಿನ್ನ ಮೇಲಿರೋ ಸಾಲ. ನಾಳೆ ಬೀಗದವನನ್ನ ಕರೆಸ್ತೀನಿ. ನಿನ್ನ ಕೈಲಿ ತೆಗೆಯೋಕಾಗದ ಬೀಗ ಒಂದನ್ನ ಆರಿಸಿಕೊಟ್ಟು ಊರಿಗೆ ಹೋಗು. ಸಿಗೋವರೆಗೂ ರಜೆ ಇಲ್ಲ."

ಮರುದಿನ ಬೆಳಗಿನ ಬಸ್ಸು ಹೋಯಿತು. ಇನ್ನು ಉಳಿದದ್ದು ಮಧ್ಯಾಹ್ನದ್ದೊಂದೇ. ಬೀಗದವನು ಬಂದು ಚೀಲ ಬಿಚ್ಚಿದ. ಮೊದಲನೆಯದರ ಗುಣ ಹೊಗಳಿ ಮುಗಿಸುವಷ್ಟರಲ್ಲಿ ಅದು ತೆರೆದು ಬಿದ್ದಿತ್ತು. ಎರಡನೆಯದಕ್ಕೆ ಅವನು ಹೊಗಳಿಕೆಯನ್ನು ಅರ್ಧಕ್ಕೇ ಬಿಟ್ಟ. ಆಮೇಲಿನವಕ್ಕೆ ಬಾಯಿಯೇ ಬಿಡಲಿಲ್ಲ, ಬೆವರು ಒರೆಸುತ್ತ ಒಂದೊಂದನ್ನೇ ಮುಂದಿಟ್ಟ. ಹುಡುಗರು ಪ್ರತಿ ಬೀಗಕ್ಕೂ ಚಪ್ಪಾಳೆ ತಟ್ಟಿದರು. ಕಡ್ಡಿಗೂ ಕೆಲಸದ ಅಮಲೇರಿ, ಬಸ್ಸಿನ ನೆನಪೇ ಹಾರಿಹೋಗಿತ್ತು.

"ಇದೊಂದೇ ಉಳಿದಿರೋದು," ಎಂದ ಬೀಗದವನು, ಅಳುವ ದನಿಯಲ್ಲಿ.

ಕಡ್ಡಿ ತಂತಿ ತೂರಿಸಿ ಕಿವಿ ಹಚ್ಚಿದ. ಒಳಗೆ ಏನೋ ಸಣ್ಣಗೆ ಟಿಕ್ಕೆಂದಿತು, ಕೇಳಿಸಿದ್ದು ಅವನೊಬ್ಬನಿಗೆ. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬಸ್ಸಿನ ಹಾರನ್ ಎಲ್ಲರಿಗೂ ಕೇಳಿಸಿತು.

ಅವನು ತಂತಿಯನ್ನು ಮೆಲ್ಲಗೆ ಹೊರಗೆಳೆದ.

"ಇಲ್ಲ ಮೇಡಂ. ಇದು ನನ್ನ ಕೈಲಾಗಲ್ಲ."

ಬೀಗದವನ ಎದೆ ಉಬ್ಬಿತು. ಮೇಡಂ ಬೀಗ ನೋಡಿದರು, ಹುಡುಗನ ಮುಖ ನೋಡಿದರು, ಮತ್ತೆ ಬೀಗ ನೋಡಿದರು.

"ಸರಿ. ನಿನ್ನ ಸಾಲ ತೀರ್ತು. ಓಡು."

ಹುಡುಗ ಆಗಲೇ ಓಡುತ್ತಿದ್ದ.