ಕೈಗೆಟುಕದ ಜಾಗ

ಬೆನ್ನ ಮೇಲೆ ಏನೋ ನಡೆದ ಹಾಗಾಯಿತು, ಬೆವರೇ ಇರಬೇಕು, ಬೆವರಾಗಿದ್ದರೆ ಸರ್ರನೆ ಕೆಳಗಿಳಿಯುತ್ತಿತ್ತು, ಇದು ನಡೆದು ನಿಂತಿತು, ಅದೂ ಎಲ್ಲಿ, ಹೆಗಲಮೂಳೆಗಳ ನಡುವೆ, ಮೇಲಿನಿಂದ ಬಲಗೈ ಹಾಕಿದರೂ ಕೆಳಗಿನಿಂದ ಎಡಗೈ ತಿರುಚಿದರೂ ಸಿಗದ ಆ ಅಂಗೈಯಗಲ ಜಾಗದಲ್ಲೇ — ನೂಲಿನ ತುಂಡಿರಬಹುದು, ಅಂಗಿ ಕಾರ್ಖಾನೆಯ ಚೆಕ್ಕರ್ ಮೈಯಲ್ಲಿ ನೂಲಲ್ಲದೆ ಬಂಗಾರ ಸಿಕ್ಕೀತೇ, ತಲೆಯಲ್ಲಿ ನೂಲು, ಕಿವಿಯಲ್ಲಿ ನೂಲು, ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಅಂಗಿ ಹರಡು, ಕಾಲರ್ ನೋಡು, ತೋಳು ನೋಡು, ತಿರುವಿ ಹಾಕಿ ಬೆನ್ನು ನೋಡು, ಕಪ್ಪು ಚುಕ್ಕೆ ಕಂಡರೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆಸೆ, ಎಷ್ಟು ಬೆನ್ನು ನೋಡಿದ್ದಾಳೆ ಅವಳು, ಒಳಗೆ ಮನುಷ್ಯರಿಲ್ಲದ ಬೆನ್ನುಗಳು. ಅಲ್ಲಾಡ್ಬೇಡ್ವೋ ಕುಳ್ಳ, ಕಿವಿ ಕೊಡು, ಆ ಕಿವಿ. ಹಿತ್ತಿಲ ಮೆಟ್ಟಿಲ ಮೇಲೆ ಅವಳು, ಕೆಳಗೆ ನಾಯಿ, ಕೈಗೆ ರಬ್ಬರಿನ ಗವಸು, ಪಕ್ಕದಲ್ಲಿ ಚಿಮಟ, ಸ್ಪಿರಿಟ್ ತುಂಬಿದ ಹಳೆಯ ಜಾಮ್ ಶೀಶೆ, ಇವನೂ ಒಬ್ಬ ದೊಡ್ಡ ಸಾಹೇಬ, ಕಾಲು ಗೇಣುದ್ದ, ಗತ್ತು ಮಾತ್ರ ಮೊಳದುದ್ದ, ಕಿವಿಯೊಳಗೆ ಒಂದು ಉಣ್ಣಿ, ಕುಡಿದು ಉಬ್ಬಿ ಕೂತಿದೆ, ಮೂತಿಯ ಬುಡಕ್ಕೇ ಚಿಮಟ ಹಾಕಿ ನೆಟ್ಟಗೆ ಎಳೆಯಬೇಕು, ಹಿಸುಕಬಾರದು, ಸುಡಬಾರದು, ಹಾಂ ಬಂತು, ಬಿತ್ತು ಶೀಶೆಗೆ, ಜಾಣ ನನ್ನಪ್ಪ, ಕುಳ್ಳ ಬಾಲ ಆಡಿಸುತ್ತಾನೆ, ಅವಳು ಗೇಟು ತೆಗೆದ ಸದ್ದಿಗೇ ಇಡೀ ಮೈಯನ್ನು ಬಾಲ ಮಾಡಿಕೊಂಡು ಓಡಿ ಬರುವವನು ಈ ಮನೆಯಲ್ಲಿ ಇವನೊಬ್ಬನೇ.

ನಾಯಿ ಇರ್ಲಿ, ಆದ್ರೆ ಹೊರಗಿರ್ಲಿ, ಎಂದಿದ್ದರು ಆಸ್ಪತ್ರೆಯಲ್ಲಿ ಮಗಳನ್ನು ನೋಡಿದ ಡಾಕ್ಟರು, ತಿಂಗಳಿಗೊಂದ್ಸಲ ಅದರ ಕತ್ತಿಗೆ ಔಷಧಿ ಹಾಕಿ, ಹಿತ್ತಿಲ ಹುಲ್ಲು ಬೆಳೆಯೋಕೆ ಬಿಡ್ಬೇಡಿ, ಸಂಜೆ ಹೊತ್ತು ಒಬ್ಬರನ್ನೊಬ್ಬರು ನೋಡ್ಕೊಳ್ಳಿ, ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ಬೆನ್ನು — ಒಬ್ಬರನ್ನೊಬ್ಬರು ಎಂದಾಗ ಗಂಡ ಬಲು ಗಂಭೀರವಾಗಿ ತಲೆಯಾಡಿಸಿದ್ದ, ಪಕ್ಕದ ಮಂಚದಲ್ಲಿ ಮಗಳು ಜ್ವರದಲ್ಲಿ ಕೆಂಡವಾಗಿ ಮಲಗಿದ್ದಳು, ಅವಳ ಮಂಡಿಯ ಹಿಂದಿನ ಮಡಿಕೆಯಲ್ಲಿ ಕಚ್ಚಿ ಕೂತಿದ್ದ ಕಪ್ಪು ಚುಕ್ಕೆಯಂಥ ಉಣ್ಣಿಯನ್ನು ಕಂಡಿದ್ದೂ ಡಾಕ್ಟರೇ, ಊರವರ ಅಂಗಿಗೆಲ್ಲ ಚೆಕ್ಕರ್ರು, ಮನೆಗೆ ಮಾತ್ರ ಇಲ್ಲ, ಎಂದುಬಿಟ್ಟ ಅವನು ನರ್ಸಿನ ಎದುರಿಗೇ, ಭಯಕ್ಕೆ ಅಂದದ್ದು, ಗೊತ್ತು, ಗೊತ್ತಿದ್ದರೂ ಆ ಮಾತು ಇನ್ನೂ ಚುಚ್ಚುತ್ತದೆ. ಮಗಳು ಉಳಿದಳು, ಅದೇ ದೊಡ್ಡದು, ಮನೆಗೆ ಬಂದ ದಿನವೇ ಅವನು ತೀರ್ಪು ಕೊಟ್ಟ, ನೋಡು, ಇನ್ನೊಂದು ಉಣ್ಣಿ ಮನೆಯವರ ಮೈಮೇಲೆ ಸಿಕ್ತು ಅಂದ್ರೆ ಕುಳ್ಳ ಇಲ್ಲಿರಲ್ಲ, ಮಾತೇ ಇಲ್ಲ. ಅಂದಿನಿಂದ ಅವಳು ಹುಲ್ಲು ಕತ್ತರಿಸುತ್ತಾಳೆ, ಔಷಧಿ ಹಾಕುತ್ತಾಳೆ, ಮೊದಲು ನಾಯಿ, ಆಮೇಲೆ ಸೋಪು ಹಾಕಿ ಕೈ ತೊಳೆದು ಮಗಳು, ಬೆಳಿಗ್ಗೆ ಅವನು ಡ್ಯೂಟಿಗೆ ಹೊರಡುವ ಮೊದಲು ಅವನು, ಅಂಗಿ ಎತ್ತಿ ನಿಲ್ಲುತ್ತಾನೆ, ಆಯ್ತಾ, ಆಯ್ತಾ, ಲೇಟಾಗುತ್ತೆ, ಆಯ್ತು ಎಂದು ಅವಳು ಬೆನ್ನು ತಟ್ಟಿದರೆ ಅಂಗಿ ಇಳಿಬಿಟ್ಟು ಹೋದ, ತಿರುಗಿ ನಿನ್ನದು ಎಂದು ಕೇಳಿದ್ದುಂಟೇ, ಕೇಳಲಿ ಎಂದು ಮೊದಮೊದಲು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದಳು, ಈಗ ನಿಲ್ಲುವುದಿಲ್ಲ, ಯಾರಿಗೆ ಬೇಕು.

ಅಗೋ, ಮತ್ತೆ, ಅದೇ ಜಾಗ, ಈಗ ನಡೆಯುತ್ತಿಲ್ಲ, ಕಚಗುಳಿಯೂ ಅಲ್ಲ ನೋವೂ ಅಲ್ಲ, ಸುಮ್ಮನೆ ಇದೆ. ಗವಸು ಬಿಚ್ಚಿ, ಕೈ ತೊಳೆದು ಒಳಗೆ ಬಂದಳು, ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿದೆ, ಪುಸ್ತಕದ ಮೇಲೆ ಬಗ್ಗಿದ ತಲೆ, ಕಿವಿಯಲ್ಲಿ ಇಯರ್‌ಫೋನು, ಕರೆದರೆ ಆಯಿತು, ಸ್ವಲ್ಪ ಬೆನ್ನು ನೋಡೇ — ನಾಯಿ ಮುಟ್ಟಿದ್ಯಾ? ಸ್ನಾನ ಮಾಡ್ದೆ ನನ್ನ ಹತ್ರ ಬರ್ಬೇಡಮ್ಮ, ಅನ್ನುತ್ತಾಳೆ, ಕುಳ್ಳನನ್ನು ಮರಿಯಿದ್ದಾಗ ಶಾಲೆಯ ಚೀಲದಲ್ಲಿ ಬಚ್ಚಿಟ್ಟು ತಂದವಳೇ ಇವಳು, ಈಗ ಕಿಟಕಿಯಿಂದಲೂ ಅವನನ್ನು ನೋಡುವುದಿಲ್ಲ, ಕಂಡದ್ದು ಉಣ್ಣಿಯೇ ಆದರೆ ಕಿರುಚಿ ಮನೆ ಒಂದು ಮಾಡುತ್ತಾಳೆ, ಅಪ್ಪನಿಗೆ ಫೋನು ಹೋಗುತ್ತದೆ, ಭಾನುವಾರದೊಳಗೆ ಕುಳ್ಳ ಯಾವನದೋ ಟೆಂಪೋದಲ್ಲಿ, ಬೇಡ, ಕರೆಯುವುದು ಬೇಡ. ಮಲಗುವ ಕೋಣೆಯ ಚಿಲಕ ಹಾಕಿಕೊಂಡಳು, ಕುಪ್ಪಸ ಕಳಚಿ ಬೀರುವಿನ ಕನ್ನಡಿಗೆ ಬೆನ್ನು ಮಾಡಿ, ಮುಖದ ಮುಂದೆ ಕೈಗನ್ನಡಿ, ಎಡಕ್ಕೆ ಸರಿಸಿದರೆ ಬೆನ್ನು ಬಲಕ್ಕೆ ಓಡುತ್ತದೆ, ನಿಲ್ಲೇ ತಾಯಿ, ಸೀಲಿಂಗು, ಕ್ಯಾಲೆಂಡರು, ಒಂದು ಹೆಗಲು, ಆಮೇಲೆ ಬೆನ್ನು, ಇದು ನನ್ನದೇ? ಇಷ್ಟು ಅಗಲವೇ, ಯಾರೋ ಗೊತ್ತಿಲ್ಲದ ಹೆಂಗಸಿನದು, ಬಸ್ಸಿನಲ್ಲಿ ಮುಂದಿನ ಸೀಟಿನವಳದು ಎಂದರೂ ನಂಬುತ್ತಿದ್ದಳು — ಮತ್ತು ನಟ್ಟನಡುವೆ ಒಂದು ಕಪ್ಪು ಚುಕ್ಕೆ.

ಸಾಸಿವೆಯಷ್ಟು, ಅಥವಾ ಇನ್ನೂ ಚಿಕ್ಕದು, ಅಲ್ಲಾಡುತ್ತಿಲ್ಲ, ಕಚ್ಚಿ ಕೂತದ್ದೂ ಅಲ್ಲಾಡುವುದಿಲ್ಲ, ಮಚ್ಚೆಯೂ ಅಲ್ಲಾಡುವುದಿಲ್ಲ, ಮಚ್ಚೆಯಿತ್ತೇ ತನಗೆ ಅಲ್ಲಿ? ಅಮ್ಮನಿಗೆ ಗೊತ್ತಿರುತ್ತಿತ್ತು, ಬೆನ್ನು ಉಜ್ಜಿ ಬೆಳೆಸಿದವಳು, ಅಮ್ಮ ಹೋಗಿ ಯಾವ ಕಾಲವಾಯಿತು, ಮತ್ತೆ ಈ ಬೆನ್ನನ್ನು ನೋಡಿದವರು ಇನ್ನಾರು, ಅವನೇ. ಫೋನು ತೆಗೆದಳು, ಅವನು ಯಾವುದೋ ಕಟ್ಟಡದಲ್ಲಿ ಲಿಫ್ಟ್ ರಿಪೇರಿಯಲ್ಲಿದ್ದಾನೆ, ಹಿಂದೆ ಸುತ್ತಿಗೆಯ ಸದ್ದು, ಏನು, ಬೇಗ ಹೇಳು, ಏನಿಲ್ಲ, ನನ್ನ ಬೆನ್ನ ಮೇಲೆ ಮಚ್ಚೆ ಇದೆಯಾ? ಏನು? ಮಚ್ಚೆ, ಮಚ್ಚೆ, ಬೆನ್ನ ಮೇಲೆ. ಸುತ್ತಿಗೆ ನಿಂತಿತು, ಅವನು ಯೋಚಿಸುತ್ತಿದ್ದಾನೆ, ಈ ಮೌನದಲ್ಲಿ ಅವನು ನೆನಪಿನಲ್ಲಿ ಅವಳ ಬೆನ್ನನ್ನು ಹುಡುಕುತ್ತಿದ್ದಾನೆ ಎಂದುಕೊಂಡಾಗ ನಾಚಿಕೆಯಂಥದ್ದೇನೋ ಕತ್ತಿನವರೆಗೆ ಏರಿತು, ಎಷ್ಟು ಕಾಲವಾಯಿತು ಹೀಗಾಗಿ, ಇದೆ, ಎಂದ, ಇದೆಯಲ್ಲ, ಯಾಕೆ? ಇದೆ! ಹಾಗಾದರೆ ಮಚ್ಚೆಯೇ, ಕುಳ್ಳ ಎಲ್ಲಿಗೂ ಹೋಗುವುದಿಲ್ಲ, ಜ್ವರವೂ ಇಲ್ಲ, ಅವನಿಗೆ ನೆನಪಿದೆ, ಎಲ್ಲಕ್ಕಿಂತ ಅದು, ಅವನಿಗೆ ನೆನಪಿದೆ, ಅಷ್ಟಕ್ಕೇ ಇಟ್ಟುಬಿಡಬಹುದಿತ್ತು ಫೋನನ್ನು, ಇಡಲಿಲ್ಲ, ಇನ್ನೊಂದು ಸಲ ಕೇಳುವ ಆಸೆಯಾಯಿತು, ಎಲ್ಲಿದೆ ಹೇಳಿ ನೋಡೋಣ. ಎಲ್ಲಿದೆ ಅಂದ್ರೆ — ಬಲಗಡೆ, ಎಂದ, ಬಲಗಡೆ, ಸೊಂಟದ ಹತ್ರ, ನೋಡಿಲ್ವಾ ನಾನು, ಯಾಕೆ, ಏನಾಯ್ತು?

ಅವಳು ಕೈಗನ್ನಡಿ ತಿರುಗಿಸಿದಳು, ಬಲಕ್ಕೆ, ಎಡಕ್ಕೆ, ಸೊಂಟದವರೆಗೆ ಇಳಿಸಿದಳು, ಏನೂ ಇಲ್ಲ, ಒಗೆದ ಬಟ್ಟೆಯಷ್ಟು ಖಾಲಿ, ಮತ್ತೆ ಮೇಲೆ ಬಂದಳು. ಹಲೋ, ಇದ್ದೀಯಾ, ಉಣ್ಣಿ ಗಿಣ್ಣಿ ಅಲ್ಲ ತಾನೆ? ಕಿಟಕಿಯಾಚೆ ಕುಳ್ಳ ಮೆಟ್ಟಿಲ ಮೇಲೆ ಉಗುರು ಕೆರೆಯುತ್ತಿದ್ದಾನೆ. ಅಲ್ಲ, ಎಂದಳು, ಮಚ್ಚೆನೇ, ನೀವು ಹೇಳಿದ ಜಾಗದಲ್ಲೇ ಇದೆ, ಬಲಗಡೆ. ನೋಡಿದ್ಯಾ, ಎಂದು ನಕ್ಕ ಅವನು, ಖುಷಿಯಾಯಿತು ಅವನಿಗೆ, ಫೋನಿಟ್ಟ, ಅವಳು ಇಟ್ಟಿರಲಿಲ್ಲ, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕನ್ನಡಿ, ಚಿಮಟಕ್ಕೆ ಮೂರನೆಯ ಕೈ ಬೇಕು, ಮೂರನೆಯ ಕೈಗೂ ಎಟುಕದು, ಬಲಗಡೆ, ಸೊಂಟದ ಹತ್ತಿರ, ನಟ್ಟನಡುವೆ ಕಪ್ಪು ಚುಕ್ಕೆ, ಅಲ್ಲಾಡಿತೇ, ಇಲ್ಲ, ಕನ್ನಡಿ ಹಿಡಿದ ಕೈ ಅಲ್ಲಾಡಿತು, ಕಪ್ಪು ಚುಕ್ಕೆ, ನಟ್ಟನಡುವೆ, ಕಪ್ಪು ಚುಕ್ಕೆ