ಒಲೆಗೆರೆ

"ಇನ್ನೂ ಮೇಲೆ, ಕತ್ತೆ ಮುಂಡೇದೆ! ಮೇಲೆ ಅಂದ್ರೆ ಯಾವ ಕಡೆ ಅಂತಾನೂ ಗೊತ್ತಿಲ್ವಾ ನಿನಗೆ?"

ಸೇತುವೆಯ ಕಟ್ಟೆಗೆ ಹೊಟ್ಟೆ ಆನಿಸಿ ಬಾಗಿದ್ದ ಇಂಜಿನಿಯರ್ ಸಾಹೇಬರ ಬೈಗುಳ ಬಣ್ಣದಕ್ಕನ ನೆತ್ತಿಯ ಮೇಲೆ ಬಿತ್ತು. ಅವಳು ಕೆಳಗೆ, ಕಂಬದ ಮಗ್ಗುಲಿಗೆ ಇಳಿಬಿಟ್ಟ ಹಗ್ಗದ ಏಣಿಯಲ್ಲಿ ನೇತಾಡುತ್ತಿದ್ದಳು. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಕುಂಚ, ಸೊಂಟಕ್ಕೆ ಕಟ್ಟಿದ ಕೆಂಪು ಬಣ್ಣದ ಡಬ್ಬಿ. ಕಾಲ ಕೆಳಗೆ ಕೆಸರು ಬಣ್ಣಕ್ಕೆ ತಿರುಗಿದ ಹೊಳೆ.

"ಗೆರೆ ಇರೋದು ಇಲ್ಲೇ ಸಾಹೇಬ್ರೆ."

"ಇತ್ತು. ಈಗ ಎರಡು ಮೊಳ ಮೇಲಿದೆ. ಹಳೇದನ್ನ ಕೆರೆದು ಹಾಕು."

"ಯಾಕ್ ಸಾಹೇಬ್ರೆ?"

"ನಾಳೆ ದೊಡ್ಡವರು ಬರ್ತಾರೆ. 'ನನ್ನ ಆಡಳಿತದಲ್ಲಿ ಹೊಳೆ ಒಂದು ಸಲಾನೂ ಕೆಂಪು ಮುಟ್ಟಿಲ್ಲ' ಅಂತ ಇದೇ ಸೇತುವೆ ಮೇಲೆ ನಿಂತು ಹೇಳ್ತಾರೆ. ಭಾಷಣ ಆಗಲೇ ಅಚ್ಚಾಗಿ ಬಂದಿದೆ."

"ಹೊಳೆಗೆ ಓದಕ್ಕೆ ಬರಲ್ವಲ್ಲ ಸಾಹೇಬ್ರೆ."

"ನಿನಗೂ ಬರಲ್ಲ. ಬಾಯಿ ಮುಚ್ಕೊಂಡು ಬಳಿ. ನಿಮ್ಮ ಕೆಳಗೇರಿಯಲ್ಲಿ ಒಂದು ಮನೆಗಾದ್ರೂ ಕಾಗದ ಇದೆಯಾ? ನಾಳೇನೇ ಬುಲ್ಡೋಜರ್ ಹತ್ತಿಸ್ತೀನಿ, ಹುಷಾರ್!"

ಅವಳು ಹಳೆಯ ಗೆರೆಯನ್ನು ಕೆರೆದಳು. ಸಿಮೆಂಟಿನ ಜೊತೆ ಉಗುರೂ ಸವೆಯಿತು. ಎರಡು ಮೊಳ ಮೇಲೆ ಹೊಸದನ್ನು ಎಳೆದು ಹತ್ತಿ ಬಂದಾಗ ಸಾಹೇಬರು ಕಾಗದವೊಂದನ್ನು ಚಾಚಿದರು. "ಮಾಸಿದ್ದ ಗೆರೆಗೆ ಅದೇ ಜಾಗದಲ್ಲಿ ಬಣ್ಣ ಹಚ್ಚಿದ್ದೇನೆ," ಎಂದು ತಾವೇ ಓದಿ, ತಾವೇ ನಕ್ಕು, ಅವಳ ಹೆಬ್ಬೆರಳು ಹಿಡಿದು ಒತ್ತಿಸಿಕೊಂಡರು. ಮಸಿ ಬೇಕಾಗಲಿಲ್ಲ. ಬೆರಳೇ ಕೆಂಪಾಗಿತ್ತು.

ಸರಕಾರದ ಕಡತದಲ್ಲಿ ಆ ಕೆಂಪು ಗೆರೆಗೆ ಅಪಾಯದ ಮಟ್ಟ ಎಂದು ಹೆಸರು. ಕೆಳಗೇರಿಯವರ ಬಾಯಲ್ಲಿ ಮಾತ್ರ ಒಲೆಗೆರೆ. ಬಣ್ಣದಕ್ಕ ಹೊಸದಾಗಿ ಸೊಸೆಯಾಗಿ ಬಂದ ವರ್ಷ ಹೊಳೆ ಏರಿ ಏಳು ಜನ ಸತ್ತಿದ್ದರು. ಆಗಿನ ಆಡಳಿತದ ಮುಖ್ಯಸ್ಥ ಪ್ಯಾಂಟು ಮಡಿಸಿಕೊಂಡು, ಕೆಸರಲ್ಲಿ ಕಾಲೂರಿ, ಅವಳ ಅತ್ತೆಯ ಮನೆ ಬಾಗಿಲಿಗೇ ಬಂದಿದ್ದ. "ನೀರು ಎಲ್ಲಿಗೆ ಬಂದ್ರೆ ನಿಮಗೆ ಭಯ ಆಗುತ್ತಮ್ಮ?" ಎಂದು ಕೇಳಿದ್ದ. ಅತ್ತೆ ಒಲೆಯನ್ನು ತೋರಿಸಿದ್ದಳು. ನೀರು ಒಲೆಗೆ ಬರುವುದಕ್ಕೆ ಒಂದು ತಾಸು ಮುಂಚೆ ಹೊಳೆ ಎಲ್ಲಿರುತ್ತದೋ ಅಲ್ಲಿಗೆ ಗೆರೆ ಎಳೆಸಿ, ಅದು ಮುಟ್ಟಿದ ಕೂಡಲೇ ಸೈರನ್ನು ಕೂಗಿಸಬೇಕೆಂದು ಕಟ್ಟುನಿಟ್ಟು ಮಾಡಿ ಹೋಗಿದ್ದ. ಅಂದಿನಿಂದ ಎಷ್ಟೋ ಸಲ ಕೂಗಿತ್ತು. ಯಾರೂ ಸತ್ತಿರಲಿಲ್ಲ.

ಮರುದಿನ ಬೆಳಗ್ಗೆ ಹೊಳೆಯ ಸದ್ದೇ ಬೇರೆಯಾಗಿತ್ತು. ಮೇಲಿನ ಸೀಮೆಯಲ್ಲಿ ಮೂರು ದಿನದಿಂದ ಮಳೆ. ಬಣ್ಣದಕ್ಕ ಕಂಬ ನೋಡಿ ಬಂದಳು. ಕೆರೆದ ಗುರುತನ್ನು ನೀರು ಆಗಲೇ ನುಂಗಿತ್ತು. ಮನೆಯಲ್ಲಿ ಮಗಳು ಹೊಟ್ಟೆ ಕೊಯ್ಸಿಕೊಂಡು ಹೆತ್ತು ಒಂಬತ್ತೇ ದಿನ. ಹೊಲಿಗೆ ಇನ್ನೂ ಹಸಿ. ಮಂಚ ಸಮೇತ ಎತ್ತಬೇಕೆಂದರೆ ನಾಲ್ಕು ಜನ ಬೇಕು. ಅಳಿಯ ದೂರದ ಗಣಿಯಲ್ಲಿ.

"ಒಂದು ಕೈ ಹಿಡೀರಪ್ಪ, ಇವಳನ್ನ ದಿಬ್ಬಕ್ಕೆ ಸಾಗಿಸೋಣ," ಎಂದು ಅಂಗಳದಲ್ಲಿ ಕೂತಿದ್ದ ಗಂಡಸರನ್ನು ಕೇಳಿದಳು.

"ಕೂಗೇ ಇಲ್ವಲ್ಲಕ್ಕ," ಎಂದ ಪಕ್ಕದ ಮನೆಯ ಚಪ್ಪಲಿ ಹೊಲಿಯುವವನು. "ಕೂಗಲಿ, ನಿನ್ನನ್ನೂ ಸೇರಿಸಿ ಎತ್ಕೊಂಡು ಹೋಗ್ತೀವಿ."

ಎಲ್ಲರೂ ನಕ್ಕರು.

"ಕೂಗಲ್ಲ ಕಣ್ರೋ. ಒಲೆಗೆರೆ ಮೇಲಕ್ಕೆ ಹೋಗಿದೆ."

"ಗೆರೆಗೇನು ಕಾಲು ಬಂತಾ?"

"ನಾನೇ... ನಾನೇ ಎತ್ತಿಟ್ಟೆ."

ನಗು ನಿಂತಿತು. ಆದರೆ ಯಾರೂ ಏಳಲಿಲ್ಲ. "ಬಿಡಕ್ಕ, ಸುಮ್ನೆ ಹೆದರಿಸ್ಬೇಡ," ಎಂದ ಚಪ್ಪಲಿಯವನು. "ಅಷ್ಟು ದೊಡ್ಡ ಮನುಷ್ಯ ಬಂದು ನಿಲ್ಲೋ ಸೇತುವೆ. ಅಪಾಯ ಇದ್ರೆ ಅವನನ್ನ ಬಿಡ್ತಾರಾ?"

ಒಳಗಿನಿಂದ ಮಗು ಅತ್ತಿತು. ಬಣ್ಣದಕ್ಕ ಡಬ್ಬಿ, ಕುಂಚ ಎತ್ತಿಕೊಂಡು ಸೇತುವೆಯ ತುದಿಯ ಸೈರನ್ನಿನ ಗೂಡಿಗೆ ಓಡಿದಳು.

ಗೂಡಿನಲ್ಲಿ ಮುದುಕ ಕಿಟಕಿಗೆ ಮುಖ ಒತ್ತಿ ಕಂಬವನ್ನೇ ದಿಟ್ಟಿಸುತ್ತಿದ್ದ. ಮೂವತ್ತು ವರ್ಷದಿಂದ ಅದೇ ಕೆಲಸ. ಊರೆಲ್ಲ ಅವನನ್ನು ಕೂಗುಮಾವ ಎನ್ನುತ್ತಿತ್ತು.

"ಕೂಗಿಸು ಮಾವ!"

"ಕೆಂಪು ಮುಟ್ಟಿಲ್ಲ ಕಣವ್ವ."

"ಆ ಕೆಂಪು ಸುಳ್ಳು."

"ನನಗೆ ಕಣ್ಣಿಲ್ವಾ? ನಿನ್ನೆಯಿಂದ ನೋಡ್ತಾನೇ ಇದ್ದೀನಿ. ಆ ಬೋಳಿಮಗ ಇಂಜಿನಿಯರ್ ಬಂದು, ಕೆಂಪು ಮುಟ್ಟದೆ ಕೂಗಿಸಿದ್ರೆ ಜೈಲು ಅಂತ ಹೇಳಿ ಹೋದ." ಮುದುಕ ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಮುಟ್ಟಿದ್ರೆ ಮಾತ್ರ ಯಾರಪ್ಪನ ಅಪ್ಪಣೆಯೂ ಬೇಡ ನನಗೆ. ನಿನ್ನ ಡಬ್ಬಿಯಲ್ಲಿ ಇನ್ನೂ ಬಣ್ಣ ಇದೆಯೇನವ್ವ?" ಎಂದ.

ಸೇತುವೆಯ ಮೇಲೆ ಶಾಮಿಯಾನ, ಕುರ್ಚಿ, ಪೊಲೀಸರು. ಎಲ್ಲರ ಮುಖವೂ ವೇದಿಕೆಯ ಕಡೆಗೆ. ಬೆನ್ನ ಹಿಂದಿನ ಏಣಿಯನ್ನು ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಬಣ್ಣದಕ್ಕ ಇಳಿದಳು. ಇಳಿದಷ್ಟೂ ಕಂಬದ ನಡುಕ ಕೈಗೆ ಹತ್ತಿತು. ಕೊನೆಯ ಮೆಟ್ಟಿಲುಗಳು ನೀರಿನೊಳಗಿದ್ದವು. ಪಾದ ಮುಳುಗಿಸಿ ನಿಂತು, ನೀರಿನ ಅಂಚಿಗೆ ಸರಿಯಾಗಿ, ಕಂಬದ ಮೈಗೆ ಅಡ್ಡಲಾಗಿ ಕೆಂಪು ಬಳಿದಳು. ಕೈಗೆಟುಕಿದಷ್ಟು ದಪ್ಪಗೆ ಬಳಿದಳು.

ಮೇಲೆ ಧ್ವನಿವರ್ಧಕ ಹೇಳುತ್ತಿತ್ತು: "ನನ್ನ ಆಡಳಿತದಲ್ಲಿ ಈ ಹೊಳೆ ಒಂದು ಸಲವಾದರೂ..."

ಸೈರನ್ನು ಕೂಗಿತು.

ಅಚ್ಚಾದ ಭಾಷಣದಲ್ಲಿ ಅದಿರಲಿಲ್ಲ. ದೊಡ್ಡವರು ಒಂದು ಕ್ಷಣ ತಡೆದರು. ಆಮೇಲೆ ತಮ್ಮ ಮರ್ಯಾದೆಗೇ ಕೂಗಿಸುತ್ತಿದ್ದಾರೆಂದು ತಿಳಿದು, ನಗುತ್ತ ಸದ್ದು ಬಂದ ಕಡೆಗೆ ಎರಡೂ ಕೈ ಎತ್ತಿ ಬೀಸಿದರು. ಕುರ್ಚಿಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೆಳಗೇರಿಯ ಓಣಿಯಲ್ಲಿ ಜನ ದಿಬ್ಬದ ಕಡೆ ಓಡತೊಡಗಿದ್ದರು. ಕಟ್ಟಕಡೆಗೆ ಮಂಚದ ಒಂದು ತುದಿ ಹೊರಗೆ ಕಂಡಿತು. ಹೊತ್ತವರ ಮೊಣಕಾಲು ನೀರಿನಡಿ ಕಾಣುತ್ತಿರಲಿಲ್ಲ.

"ಯಾರೇ ಅದು? ಲೇ, ಒರೆಸೇ ಅದನ್ನ! ಒರೆಸೇ ಹಲ್ಕಾ ಮುಂಡೆ!" ಸಾಹೇಬರು ಕಟ್ಟೆಯ ಮೇಲಿಂದ ಕಿರುಚುತ್ತಿದ್ದರು.

ನೀರು ಹೊಸ ಬಣ್ಣದ ಮೇಲೂ ಏರುತ್ತಿತ್ತು. ಬಣ್ಣದಕ್ಕ ಒಂದು ಮೆಟ್ಟಿಲು ಹತ್ತಿ, ಕುಂಚ ಅದ್ದಿ, ಅಲ್ಲಿಯೂ ಬಳಿದಳು. ಆಮೇಲೆ ತಲೆ ಎತ್ತಿದಳು.

"ನೀನೇ ಇಳಿದು ಬಂದು ಒರೆಸೋ."

ಸಾಹೇಬರು ಏಣಿಯ ಗಂಟಿಗೆ ಕೈ ಹಾಕಿ ಬಾಗಿದರು. ಇಷ್ಟು ದಿನ ಗೆರೆಯನ್ನಷ್ಟೇ ನೋಡಿದ್ದವರು ಈಗ ಮೊದಲ ಸಲ ನೀರನ್ನು ನೋಡಿದರು. ಬೇರು ಸಮೇತ ಬಂದ ಮರವೊಂದು ಕಂಬಕ್ಕೆ ಗುದ್ದಿತು. ಹಿಂದೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.