ಗಡಿ ಮಾರಮ್ಮ ಗುಡ್ಡ ಹತ್ತಿದ ನಕಾಶೆ

ಎಲ್ಲಿಂದ ಶುರು ಮಾಡಲಿ? ನಕಾಶೆಯಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. ದೇವರಿಂದ ಶುರು ಮಾಡಿದರೆ ಇವನಿಗೆ ವಯಸ್ಸಾಯಿತು ಅನ್ನುತ್ತೀರಿ. ಭಯದಿಂದಲೇ ಶುರು ಮಾಡೋಣವೆಂದರೆ, ಭಯಪಡಬೇಕಾದವಳು ಇನ್ನೂ ಕಥೆಯೊಳಗೆ ಬಂದಿಲ್ಲ. ಸದ್ಯಕ್ಕೆ ಹೆದರಿರುವವನು ನಾನೊಬ್ಬನೇ.

1

(ಹರಿದು ಹಾಕಿದ ಕರಡು.) ಮೊದಲು ಈ ಕಥೆಯನ್ನು ಅಮೆರಿಕದ ನಡುಭಾಗದ ಒಂದು ಕೌಂಟಿಯಲ್ಲಿ ಇಟ್ಟಿದ್ದೆ. ಅದರ ಐವತ್ತರ ದಶಕದ ನಕಾಶೆಗಳು ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದವು. ಚೌಕ ಚೌಕ ಹೊಲ, ನೆಟ್ಟಗಿನ ರಸ್ತೆ, ಪ್ರತಿ ಚೌಕದಲ್ಲೂ ಒಡೆಯನ ಹೆಸರು. ಎರಡು ಪುಟ ಬರೆದೆ. ನನ್ನ ಪಾತ್ರಗಳು ಆ ಜೋಳದ ಹೊಲದಲ್ಲಿ ಬಾಯಿ ಬಿಡದೆ ನಿಂತುಬಿಟ್ಟವು. ಅಲ್ಲಿ ಗಡಿಕಲ್ಲಿಗೆ ಅರಿಶಿನ ಬಳಿಯುವವರು ಯಾರೂ ಇರಲಿಲ್ಲ, ಅರಿಶಿನ ಬಳಿಯದ ಕಲ್ಲಿನಿಂದ ನನಗೆ ಕಥೆ ಹುಟ್ಟುವುದಿಲ್ಲ.

2

ಹಾಗಾಗಿ ಹೊಸೂರು. ಬಾಗಲೂರು ರಸ್ತೆಯಲ್ಲಿ ಬೇಕರಿಯ ಮೇಲಿನ ಆಫೀಸು. ಚಂದ್ರಲೇಖಾ ಅಲ್ಲಿ ಹಳೆಯ ನಕಾಶೆಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಇವತ್ತಿನ ಉಪಗ್ರಹ ಚಿತ್ರದ ಮೇಲೆ ಹೊದಿಸುತ್ತಾಳೆ. ಹಳೆಯ ಸೇತುವೆ ಇವತ್ತಿನ ಸೇತುವೆಗೆ ಕೂಡಬೇಕು, ಹಳೆಯ ಕೆರೆಕಟ್ಟೆ ಇವತ್ತಿನ ಕಟ್ಟೆಗೆ. ಕೂಡಿದರೆ ಕಾಡು ಎಲ್ಲಿ ಮುಗಿಯುತ್ತದೆ, ಊರು ಎಲ್ಲಿ ಶುರುವಾಗುತ್ತದೆ ಎಂಬುದು ಅರಣ್ಯ ಇಲಾಖೆಗೆ ಗೊತ್ತಾಗುತ್ತದೆ.

ಅವತ್ತು ಅವಳ ಮುಂದೆ ಬಂದದ್ದು ಅಂಚೆಟ್ಟಿ ಕಡೆಯ ಹಾಳೆ. ತಲೆಯ ಮೇಲೆ ಸೇಲಂ ಜಿಲ್ಲೆ ಎಂದಿತ್ತು. ಆಗ ಕೃಷ್ಣಗಿರಿಗೆ ಜಿಲ್ಲೆಯಾಗುವ ಯೋಗ ಬಂದಿರಲಿಲ್ಲ. ನಾಟ್ರಾಂಪಾಳ್ಯದ ದಾರಿಯಲ್ಲಿ, ಎರಡು ಗುಡ್ಡಗಳ ನಡುವೆ, ಅವಳನ್ನು ಸಾಕಿದ ದೊಡ್ಡಮ್ಮ ಕೊಂಡಮ್ಮನ ಊರು. ಬೆಳೆದ ಊರನ್ನು ಮೇಲಿನಿಂದ ನೋಡುವ ಆಸೆ ಯಾರಿಗಿಲ್ಲ? ಖುಷಿಯಿಂದಲೇ ಝೂಮ್ ಮಾಡಿದಳು. ಸೇತುವೆ ಕೂಡಿತು. ಕೆರೆಕಟ್ಟೆ ಕೂಡಿತು. ಕಾಡಿನ ಹಸಿರು ಗೆರೆ ಮಾತ್ರ ಗುಡ್ಡ ಇಳಿದು ಹಳೇ ಬಾವಿಯವರೆಗೂ ಬಂದು ನಿಂತಿತ್ತು. ದೊಡ್ಡಮ್ಮನ ಹೆಂಚಿನ ಮನೆ, ಹಿತ್ತಿಲ ಹುಣಸೆ ಮರ, ರಾಗಿ ಹೊಲ, ಎಲ್ಲವೂ ಗೆರೆಯಾಚೆ, ಹಸಿರೊಳಗೆ.

ಹೆದರಿ, ಗುರುತುಗಳನ್ನೆಲ್ಲ ಅಳಿಸಿ ಮೊದಲಿನಿಂದ ಕೂಡಿಸಿ ನೋಡಿದಳು, ಗೆರೆ ಅಲ್ಲೇ ಇತ್ತು.

"ಏನಮ್ಮ, ಶೀಟ್ ಮುಗೀತಾ?" ಎಂದರು ಹಿಂದಿನ ಮೇಜಿನಿಂದ ಮೇಲಧಿಕಾರಿ ಮುನೀಶ್. "ಸೋಮವಾರ ಅನುಪ್ಪಣುಂ, ಕಳಿಸ್ಲೇಬೇಕು."

"ಇನ್ನೊಂದು ಸ್ವಲ್ಪ ಐತೆ ಸಾರ್."

3

ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು.

"ದೊಡ್ಡಮ್ಮ, ನಮ್ ಗಡಿ ಮಾರಮ್ಮನ ಕಲ್ಲು ಮೊದ್ಲಿಂದ್ಲೂ ಗುಡ್ಡದ್ ಮೇಲೇನಾ ಇದ್ದಿದ್ದು?"

"ಇಲ್ಲ ಕಣೇ. ಹಳೇ ಬಾವಿ ತಾವ ಇದ್ಳು. ಜಾಗ ಸಾಲ್ದೆ ಬಾವಿ ದಾಟಿ ನಮ್ಮನೆ ಕಟ್ಟಿದ್ಮೇಲೆ ಅಮ್ಮ ಊರೊಳಗೆ ಸಿಕ್ಕಾಕ್ಕೊಂಡ್ಬುಟ್ಳು. ಗಡಿ ಕಾಯೋಳು ಊರೊಳಗೆ ಕುಂತ್ರೆ ಹೆಂಗೆ? ನಿಮ್ಮಜ್ಜಿ ಕಾಲ್ದಲ್ಲಿ ತಮಟೆ ಬಡ್ಕೊಂಡು ಎತ್ಕೊಂಡೋಗಿ ನಮ್ಮನೆ ಆಚೆ ಮಡಗಿದ್ರು. ಯಾಕೆ ಕೇಳ್ತೀಯ?"

"ಸುಮ್ನೆ."

(ಸುಮ್ಮನೆ ಅಲ್ಲ ಎಂದು ನಿಮಗೆ ಗೊತ್ತು. ಅದು ಕಾಡಿನ ಗಡಿ ಗುರುತಿಸಲು ಅಳತೆಯವರು ನೆಟ್ಟ ಕಲ್ಲು. ಊರವರು ಅರಿಶಿನ ಬಳಿದು ಮಾರಮ್ಮ ಎಂದರು. ಗಡಿಯ ದೇವತೆ ಊರಾಚೆ ಇರಬೇಕು ಎಂಬುದೇ ಅವರಿಗೆ ಗೊತ್ತಿದ್ದ ಕಾನೂನು, ಅದನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ನೆಲ ಕದಿಯುವ ಯೋಚನೆ ಒಬ್ಬರ ತಲೆಯಲ್ಲೂ ಇರಲಿಲ್ಲ. ಆಮೇಲೆ ಅಳೆಯಲು ಬಂದವರೂ ಕಲ್ಲು ನೋಡಿ, ಕೈಮುಗಿದು, ಕಾಫಿ ಕುಡಿದು ಹೋದರು. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೀರಿ. ಇಲ್ಲಿ ಬೇಲಿ ಎದ್ದು ಹೊಲಕ್ಕೆ ದಾರಿ ಬಿಟ್ಟಿತ್ತು.)

4

ಇಲ್ಲಿಗೆ ಬರುವಷ್ಟರಲ್ಲಿ ಚಂದ್ರಲೇಖಾ ನನ್ನ ಕಡೆ ತಿರುಗಿದಳು.

"ಸಾರ್, ಆ ಗೆರೆ ಎಳ್ದಿದ್ದು ನೀವು ತಾನೆ? ಒಸಿ ಮೇಲಕ್ಕೆ ಎಳೀರಿ."

"ಈಗ ಎಳೆದರೆ ಓದುಗರು ನಂಬುವುದಿಲ್ಲ."

"ಬೀದಿಗೆ ಬೀಳೋದು ಓದುಗರ ಮನೆ ಅಲ್ವಲ್ಲ ಸಾರ್."

ನನ್ನ ಹತ್ತಿರ ಮುಕ್ತಾಯಗಳಿದ್ದವು, ಒಂದೊಂದಾಗಿ ಕೊಟ್ಟೆ.

ಮುಕ್ತಾಯ ಅ: ಸೇತುವೆಯ ಗುರುತನ್ನು ಅವಳು ಕೊಂಚ ಜರುಗಿಸುತ್ತಾಳೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಜರುಗಿಸಿದಳು. ಇಡೀ ನಕಾಶೆ ಜಾರಿತು, ದೊಡ್ಡಮ್ಮನ ಮನೆ ಹಸಿರಿನಿಂದ ಹೊರಗೆ ಬಂತು, ಎದುರು ಗುಡ್ಡದ ಬುಡದಲ್ಲಿದ್ದ ಚಲಪತಿಯ ಮನೆ ಒಳಗೆ ಹೋಯಿತು. ಚಲಪತಿ ಅವಳಿಗೆ ಸೈಕಲ್ ಕಲಿಸಿದ ಮನುಷ್ಯ. ಗುರುತನ್ನು ಮೊದಲಿದ್ದಲ್ಲಿಗೇ ತಂದಿಟ್ಟಳು.

ಮುಕ್ತಾಯ ಆ: ಇಲಾಖೆಯ ಅಧಿಕಾರಿ ದಯಾಳು, ನೋಡಿಯೂ ನೋಡದಂತೆ ಫೈಲು ಮುಚ್ಚುತ್ತಾರೆ. (ಇದನ್ನು ಬರೆದು ನಾನೇ ನಕ್ಕೆ. ದಯಾಳುಗಳಿಗೂ ಮೇಲೊಬ್ಬರು ಇರುತ್ತಾರೆ.)

ಅಂದ ಹಾಗೆ, ಆ ಊರಿನ ಹೆಸರನ್ನು ನಾನು ಎಲ್ಲೂ ಹೇಳಿಲ್ಲ, ಗಮನಿಸಿದಿರಾ? ಹೇಳಲು ಭಯ. ನನ್ನ ಕಥೆ ಹಿಡಿದುಕೊಂಡು ಯಾರಾದರೂ ಅಳೆಯಲು ಹೊರಟರೆ?

5

ಭಾನುವಾರ ಅವಳು ಬಸ್ಸು ಹತ್ತಿದಳು. ಬಸ್ಸು ಬಿಟ್ಟ ಕಡೆಯಿಂದ ನಡೆದಳು. ಜಗಲಿಯ ಮೇಲೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. ಕೊಂಡಮ್ಮ ಅಳುತ್ತಾಳೆಂದು ನಾನು ಒಂದು ಸಾಲು ಬರೆದಿಟ್ಟಿದ್ದೆ. ಅವಳು ಅಳಲಿಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಸೌದೆ ಹಿಂದಕ್ಕೆಳೆದು ಉರಿ ತಗ್ಗಿಸಿದಳು. ಕಾಲು ತೊಳೆದುಕೊಂಡಳು. ಹಿತ್ತಿಲಿನಿಂದ ಕಣಗಿಲೆ ಹೂ ಕಿತ್ತು, ಚೊಂಬು ಹಿಡಿದು ಗುಡ್ಡ ಹತ್ತಿದಳು. ಚಂದ್ರಲೇಖಾ ಹಿಂದೆಯೇ ನಡೆದಳು.

ಕೊಂಡಮ್ಮ ಕಲ್ಲಿಗೆ ನೀರು ಹುಯ್ದು, ನೆತ್ತಿಯ ಮೇಲೆ ಹೂವು ಅಂಟಿಸಿದಳು.

"ಅಮ್ಮಾ, ನಿನ್ನ ಎತ್ಕೊಂಡು ಬಂದಿದ್ದು ತಪ್ಪಾಗಿದ್ರೆ ಎಡಕ್ಕೆ ಕೊಡು. ಇವತ್ತೇ ಪಾತ್ರೆ ಪಡಗ ಕಟ್ಕೊಂಡು ಇಳೀತೀನಿ, ಯಾರೂ ಬಂದು ಎಬ್ಬಿಸ್ಬೇಕಾಗಿಲ್ಲ. ತಪ್ಪಿಲ್ಲ ಅಂದ್ರೆ ಬಲಕ್ಕೆ ಕೊಡು. ಇವ್ಳು ಆ ಪಟ ಕಳಿಸ್ಲಿ, ಬರೋರು ಬರ್ಲಿ, ನಾನು ಏಳಾಕಿಲ್ಲ."

ಚಂದ್ರಲೇಖಾಗೆ ನಕಾಶೆ ನೋಡಿದಾಗ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಇಲಾಖೆಗೆ ಅರ್ಜಿ ಕೊಡಬಹುದು, ಕೋರ್ಟಿಗೆ ಹೋಗಬಹುದು, ಅಷ್ಟರಲ್ಲಿ ವರ್ಷಗಳೇ ಕಳೆಯಬಹುದು. ಹೂವು ಎಡಕ್ಕೆ ಬಿದ್ದರೆ ದೊಡ್ಡಮ್ಮ ಸಂಜೆಯೊಳಗೆ ಮನೆ ಬಿಡುತ್ತಾಳೆ, ಅವಳನ್ನು ತಡೆಯುವವರು ಈ ಸೀಮೆಯಲ್ಲಿ ಇಲ್ಲ.

ಕಲ್ಲಿನಿಂದ ನೀರು ಇಳಿಯುತ್ತಿತ್ತು. ಹೂವು ಅಲುಗಿತು. ಕೂದಲೆಳೆಯಷ್ಟು ಎಡಕ್ಕೆ ವಾಲಿತು.

"ಸಾರ್," ಎಂದಳು ಚಂದ್ರಲೇಖಾ, ದೊಡ್ಡಮ್ಮನಿಗೆ ಕೇಳಿಸದ ಹಾಗೆ. "ಬೀಳಿಸ್ಬೇಡಿ."

ಬೀಳಿಸುವುದಿಲ್ಲ. ಗೆರೆ ಎಳೆಯುವುದು ನನ್ನ ಕೈಯಲ್ಲಿರಲಿಲ್ಲ, ಇದಾದರೂ ಇರಲಿ. ಮುಂದಿನ ವಾಕ್ಯವನ್ನು ನಾನು ಬರೆಯುವುದಿಲ್ಲ. ಕಥೆ ಮುಗಿಸಲು ಬಾರದವನು ಎಂದು ಬೈಯಿರಿ, ಪರವಾಗಿಲ್ಲ. ಕೊಂಡಮ್ಮ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಳೆ. ಕೆಳಗೆ ಅವಳ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿದೆ, ಒಲೆಯ ಮೇಲೆ ಸಾರು ಇನ್ನೂ ಬಿಸಿಯಾಗಿದೆ.

ಹೂವು ಇನ್ನೂ ಕಲ್ಲಿನ ಮೇಲೆಯೇ ಇದೆ. ಪುಟ ತಿರುಗಿಸಿದರೆ ಗಾಳಿ ಏಳುತ್ತದೆ. ದಯವಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿರಿ.